ಸರಳು ಕಡಿಯುವ ಬೂಂದಿ ಮತ್ತು ಎಂಟು ಹಾಳೆಯ ಲೆಕ್ಕ

ಮಕ್ಕಳೇ, ಮಕ್ಕಳಿಗೆ ಇದನ್ನು ಓದಿ ಹೇಳುತ್ತಿರುವ ನನ್ನ ಓರಗೆಯವರೇ,

ಹ್ಯಾಮ್‌ಸ್ಟರ್ ಸಾಕಿದ ಎಷ್ಟೋ ಮನೆಗಳಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಒಂದು ಸದ್ದು ಶುರುವಾಗುತ್ತದೆ. ಕಟ್ ಕಟ್ ಕಟ್. ಸ್ವಲ್ಪ ಬಿಡುವು. ಮತ್ತೆ ಕಟ್ ಕಟ್ ಕಟ್. ಅಂಗೈಯಗಲದ ಪ್ರಾಣಿ ಪಂಜರದ ಸರಳನ್ನು ಹಲ್ಲಿನಲ್ಲಿ ಹಿಡಿದು ಕಡಿಯುವ ಸದ್ದು ಅದು. ಬೆಳಗಾದರೆ ಮನೆಯವರೆಲ್ಲರದ್ದೂ ಒಂದೇ ಪ್ರಶ್ನೆ: ಕಡಿಯಲು ಆಗದಂಥ ಪಂಜರ ಯಾವುದು, ಎಲ್ಲಿ ಸಿಗುತ್ತದೆ? ಈ ವಾರ ಅದರ ಬಗ್ಗೆಯೇ ಮಾತಾಡೋಣ.

ಮೊದಲು, ಹ್ಯಾಮ್‌ಸ್ಟರ್ ಅಂದರೇನಪ್ಪಾ ಎಂದು ಕೇಳುವ ಅಜ್ಜಿ-ತಾತಂದಿರಿಗೆ ಎರಡು ಮಾತು. ಇದು ಇಲಿಯ ದೂರದ ನೆಂಟ. ಬಾಲ ಇದೆಯೋ ಇಲ್ಲವೋ ಅನ್ನುವಷ್ಟು ಮೋಟು. ಎರಡೂ ಕೆನ್ನೆಯೊಳಗೆ ಚೀಲ. ಕೊಟ್ಟ ಕಾಳನ್ನೆಲ್ಲ ಅದರಲ್ಲಿ ತುಂಬಿಕೊಂಡು ಹೋಗಿ ಮೂಲೆಯಲ್ಲಿ ಬಚ್ಚಿಡುತ್ತದೆ. ಹಗಲು ನಿದ್ದೆ, ರಾತ್ರಿ ಓಡಾಟ. ಮನೆಗಳಲ್ಲಿ ಸಾಕುವ ಹೊಂಬಣ್ಣದ ದೊಡ್ಡ ಜಾತಿಯ ತವರು ಸಿರಿಯಾ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲೆಪ್ಪೊ ಊರಿನ ಹತ್ತಿರ ನೆಲ ಅಗೆಸಿ, ಒಂದು ಬಿಲದ ಮರಿಗಳನ್ನು ಜೆರೂಸಲೇಮಿಗೆ ತಂದರು. ಇವತ್ತು ಪ್ರಪಂಚದ ಮನೆಗಳಲ್ಲಿರುವ ಈ ಜಾತಿಯ ಹ್ಯಾಮ್‌ಸ್ಟರುಗಳಲ್ಲಿ ಬಹುಪಾಲು ಆ ಒಂದು ಬಿಲದ ಸಂತತಿ. ನೆಲ ಅಗೆಸಿ ತೆಗೆದರು ಎಂಬುದನ್ನು ನೆನಪಿಡಿ. ಎರಡು ಅಡಿಯಷ್ಟು ಆಳಕ್ಕೆ ಬಿಲ ತೋಡಿಕೊಂಡು ಬದುಕುವ ಪ್ರಾಣಿ ಇದು. ಮುಂದೆ ಈ ಮಾತು ಬೇಕಾಗುತ್ತದೆ.

ನಮ್ಮ ಮನೆಯ ಹ್ಯಾಮ್‌ಸ್ಟರಿನ ಹೆಸರು ಬೂಂದಿ. ಆರನೆಯ ತರಗತಿಯ ಮೊಮ್ಮಗಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದದ್ದು. ಅಂಗಡಿಯವರು ಪ್ರಾಣಿಯ ಜೊತೆಗೇ ಗುಲಾಬಿ ಬಣ್ಣದ ತಂತಿಯ ಪಂಜರ, ಪುಟಾಣಿ ಚಕ್ರ, ನೀರಿನ ಬಾಟಲಿ ಎಲ್ಲ ಸೇರಿಸಿ 'ಸೆಟ್' ಎಂದು ಕೊಟ್ಟಿದ್ದರು. ಮೂರನೆಯ ವಾರಕ್ಕೆ ಕಡಿತ ಶುರುವಾಯಿತು. ಒಂದು ತಿಂಗಳಾಗುವಷ್ಟರಲ್ಲಿ ಮೂಗಿನ ಮೇಲಿನ ಕೂದಲು ಸವೆದು ಚರ್ಮ ಕೆಂಪಗೆ ಕಾಣತೊಡಗಿತು.

"ತಾತ, ಬೂಂದಿಗೆ ಹಲ್ಲು ನೋವಾ?" ಎಂದು ಮೊಮ್ಮಗಳು ಕೇಳಿದಳು.

ನನ್ನ ಮಗ ಬೆಳಗ್ಗೆ ಬೇಗ ಎದ್ದು ಕೆಲಸಕ್ಕೆ ಹೋಗುವವನು. ರಾತ್ರಿಯೆಲ್ಲ ನಿದ್ದೆಗೆಟ್ಟು ಸಾಕಾಗಿದ್ದ. "ಬರುವ ತಿಂಗಳೊಳಗೆ ಇದು ನಿಲ್ಲದಿದ್ದರೆ ವಾಪಸ್ಸು ಅಂಗಡಿಗೇ ಕೊಟ್ಟು ಬರ್ತೀನಿ" ಎಂದುಬಿಟ್ಟ. ಹುಡುಗಿ ತಟ್ಟೆ ಮುಂದೆ ಕೂತು ಊಟ ಮಾಡಲಿಲ್ಲ. ಹೀಗೆ ವಿಷಯ ನನ್ನ ಕೌಂಟರಿಗೆ ಬಂತು.

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಪ್ರಾಣಿಶಾಸ್ತ್ರ ಎಲ್ಲಿಂದ ಬರಬೇಕು? ಆದರೆ ಅಳತೆ ತೆಗೆಯುವುದು, ಕೂಡಿ ಕಳೆಯುವುದು, ತಾರೀಖು ಹಾಕಿ ಬರೆದಿಡುವುದು ಬರುತ್ತದೆ. ಈ ವಯಸ್ಸಿನಲ್ಲಿ ರಾತ್ರಿ ನಿದ್ದೆಯೂ ಅಷ್ಟಕ್ಕಷ್ಟೆ. ಹಳೆಯ ಡೈರಿಯೊಂದನ್ನು ತೆಗೆದು ಒಂದು ವಾರ ಬೂಂದಿಯ ರಾತ್ರಿಗಳನ್ನು ಬರೆದಿಟ್ಟೆ: ಎಷ್ಟು ಹೊತ್ತಿಗೆ ಕಡಿಯಿತು, ಎಲ್ಲಿ ಕಡಿಯಿತು, ಆಮೇಲೆ ಏನಾಯಿತು. ವಾರದ ಕೊನೆಗೆ ಎರಡು ಸಂಗತಿ ಗೊತ್ತಾದವು. ಒಂದು, ಅದು ಕಡಿಯುತ್ತಿದ್ದದ್ದು ಹೆಚ್ಚಾಗಿ ಬಾಗಿಲಿನ ಪಕ್ಕದ ಸರಳನ್ನು. ಎರಡು, ಕಡಿದಾಗಲೆಲ್ಲ ಯಾರಾದರೊಬ್ಬರು ಎದ್ದು ಬಂದು ಸೂರ್ಯಕಾಂತಿ ಬೀಜ ಕೊಟ್ಟು ಸುಮ್ಮನಾಗಿಸುತ್ತಿದ್ದರು. ಕೌಂಟರಿನ ಗಾಜು ಬಡಿದವರ ಚೆಕ್ಕು ಮೊದಲು ಪಾಸಾದರೆ ಮರುದಿನ ಎಲ್ಲರೂ ಗಾಜು ಬಡಿಯುತ್ತಾರೆ. ಬೂಂದಿಯೂ ಅದನ್ನೇ ಕಲಿಯುತ್ತಿತ್ತು.

"ಹಲ್ಲು ಬೆಳೆಯುತ್ತಲ್ಲ, ಅದಕ್ಕೇ ಕಡಿಯುತ್ತೆ ಬಿಡಿ" ಎಂದು ಪಕ್ಕದ ಮನೆಯವರು ಹೇಳಿದರು. ಹ್ಯಾಮ್‌ಸ್ಟರಿನ ಮುಂದಿನ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ ಎಂಬುದು ನಿಜ. ಆದರೆ ಅದನ್ನು ಸವೆಸಲು ಮರದ ತುಂಡು, ಗಟ್ಟಿ ಕಾಳು ಸಾಕು, ಕಬ್ಬಿಣ ಬೇಕಿಲ್ಲ. ಕಬ್ಬಿಣ ಕಡಿದರೆ ಹಲ್ಲು ಮುರಿಯಬಹುದು, ಸೊಟ್ಟಗೆ ಬೆಳೆಯಬಹುದು. ಹಲ್ಲು ಸೊಟ್ಟಗಾದ ಪ್ರಾಣಿಗೆ ತಿನ್ನುವುದೇ ಕಷ್ಟ. ಬಣ್ಣ ಬಳಿದ ಸರಳಾದರೆ ಬಣ್ಣದ ಚಕ್ಕೆಯೂ ಹೊಟ್ಟೆಗೆ ಹೋಗುತ್ತದೆ. (ಮುಂದಿನ ಹಲ್ಲು ಹಳದಿಯಾಗಿದೆ ಎಂದು ಮಾತ್ರ ಹೆದರಬೇಡಿ. ಅದರ ಸಹಜ ಬಣ್ಣವೇ ಅದು.)

ಇನ್ನೊಬ್ಬರು ಸರಳಿಗೆ ಹಾಗಲಕಾಯಿ ರಸ ಸವರಿ ಎಂದರು. ಮತ್ತೊಬ್ಬರು ಚಿಕ್ಕ ಗಾಜಿನ ಪೆಟ್ಟಿಗೆಗೆ ಹಾಕಿಬಿಡಿ, ಸರಳೇ ಇಲ್ಲದ ಮೇಲೆ ಏನು ಕಡಿಯುತ್ತೆ ಎಂದರು. ಎರಡು ಸಲಹೆಯೂ ಸದ್ದು ನಿಲ್ಲಿಸುತ್ತಿದ್ದವೇನೋ. ಆಗಿನ ಬ್ಯಾಂಕುಗಳಲ್ಲಿ ಗಿರಾಕಿಗಳಿಗೆಂದು ಒಂದು ದೂರು ಪುಸ್ತಕ ಇರುತ್ತಿತ್ತು. ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರೆ ದೂರು ಬರುವುದು ನಿಲ್ಲುತ್ತದೆ. ಗಿರಾಕಿಯ ತೊಂದರೆ ಹಾಗೇ ಇರುತ್ತದೆ. ಬೂಂದಿಗೆ ಬರೆಯಲು ಬರುವುದಿಲ್ಲ. ಅದು ಸರಳಿನ ಮೇಲೆ ಹಲ್ಲಿನಿಂದ ದೂರು ಬರೆಯುತ್ತಿತ್ತು. ಏನು ದೂರು ಎಂದು ಓದಿ ನೋಡುವುದು ನಮ್ಮ ಕೆಲಸವಲ್ಲವೇ?

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಓದಿದ್ದಾರೆ. ಹೊಂಬಣ್ಣದ ಹ್ಯಾಮ್‌ಸ್ಟರುಗಳನ್ನು ಬೇರೆ ಬೇರೆ ಅಳತೆಯ ಪಂಜರಗಳಲ್ಲಿಟ್ಟರು. ಚಿಕ್ಕದರ ನೆಲ 1,800 ಚದರ ಸೆಂಟಿಮೀಟರ್, ದೊಡ್ಡದರದ್ದು 10,000. ಚಿಕ್ಕ ಪಂಜರದಲ್ಲಿದ್ದವು ಸರಳನ್ನು ಹೆಚ್ಚು ಸಲ, ಹೆಚ್ಚು ಹೊತ್ತು ಕಡಿದವು. ಇನ್ನೊಂದು ಪರೀಕ್ಷೆಯಲ್ಲಿ ಪಂಜರದೊಳಗಿನ ಹಾಸಿನ ಆಳ ಬದಲಿಸಿದರು: 10 ಸೆಂಟಿಮೀಟರ್, 40, 80. ಬಿಲ ತೋಡಲು ಆಳವಿಲ್ಲದ 10 ಸೆಂಟಿಮೀಟರ್ ಹಾಸಿನಲ್ಲಿದ್ದವೇ ಹೆಚ್ಚು ಕಡಿದವು. ಇವೆರಡೂ 2006 ಮತ್ತು 2007ರಲ್ಲಿ ಪ್ರಕಟವಾದ ಅಧ್ಯಯನಗಳು. ಅಂದರೆ ದೂರು ಎರಡು: ಓಡಾಡಲು ನೆಲ ಸಾಲದು, ತೋಡಲು ಆಳ ಸಾಲದು. ಹಾಗಾಗಿ ಪಂಜರ ಕೊಳ್ಳುವಾಗ ಸರಳು ಎಷ್ಟು ಗಟ್ಟಿ ಎಂದು ನೋಡುವುದಕ್ಕಿಂತ ನೆಲ ಎಷ್ಟು, ಆಳ ಎಷ್ಟು ಎಂದು ನೋಡಬೇಕು.

ಈಗ ಲೆಕ್ಕ. ಒಂದು ಹ್ಯಾಮ್‌ಸ್ಟರಿಗೆ ಕಡಿಮೆಯೆಂದರೂ 100 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ನೆಲ ಬೇಕು ಎಂದು ತಿಳಿದವರು ಹೇಳುತ್ತಾರೆ. ಅಂದರೆ 5,000 ಚದರ ಸೆಂಟಿಮೀಟರ್. ಇದನ್ನು ಕಣ್ಣಿಗೆ ಕಾಣುವಂತೆ ಮಾಡೋಣ. ನಿಮ್ಮ ಶಾಲೆಯ ಪ್ರಾಜೆಕ್ಟಿಗೆ ತರುವ ಎ4 ಹಾಳೆ ಇದೆಯಲ್ಲ, ಅದರ ಅಳತೆ 21 ಸೆಂಟಿಮೀಟರಿಗೆ 29.7. ಗುಣಿಸಿದರೆ ಸುಮಾರು 624 ಚದರ ಸೆಂಟಿಮೀಟರ್. ಅಂಥ ಎಂಟು ಹಾಳೆ ಸೇರಿದರೆ 4,990. ಹೆಚ್ಚುಕಡಿಮೆ ನಮಗೆ ಬೇಕಾದಷ್ಟೇ! ಎಂಟು ಹಾಳೆಯನ್ನು ನೆಲದ ಮೇಲೆ ಜೋಡಿಸಿ ನೋಡಿ. ಹ್ಯಾಮ್‌ಸ್ಟರಿಗೆ ಬೇಕಾದ ಮನೆ ಅಷ್ಟು.

ಮೊಮ್ಮಗಳು ಸ್ಕೇಲು ತಂದು ಗುಲಾಬಿ ಪಂಜರವನ್ನು ಅಳೆದಳು. 32 ಸೆಂಟಿಮೀಟರ್ ಉದ್ದ, 21 ಅಗಲ. ಒಂದೇ ಒಂದು ಹಾಳೆ, ಅದರ ಮೇಲೆ ಎರಡು ಬೆರಳಷ್ಟು. ಎಂಟು ಹಾಳೆಯ ಪಕ್ಕದಲ್ಲಿ ಆ ಪಂಜರವನ್ನು ಇಟ್ಟಾಗ ನನ್ನ ಮಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅಪ್ಪಾ, ಇಷ್ಟು ದೊಡ್ಡದು ಎಲ್ಲಿ ಸಿಗುತ್ತೆ?" ಎಂದ. ವಾಪಸ್ಸು ಕೊಡುವ ಮಾತು ಅಲ್ಲಿಗೆ ನಿಂತಿತು.

ದಾರಿ ಮೂರಿವೆ. ಮೊದಲನೆಯದು ದೊಡ್ಡ ಮೀನಿನ ತೊಟ್ಟಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯ ನೆಲ ಸುಮಾರು 5,600 ಚದರ ಸೆಂಟಿಮೀಟರ್, ಒಂಬತ್ತು ಹಾಳೆ. ಎಲ್ಲೋ ನೀರು ಜಿನುಗುತ್ತದೆಂದು ಮೂಲೆಗಿಟ್ಟ ತೊಟ್ಟಿಯಾದರೂ ಸರಿ. ಮೀನಿಗೆ ಬಾರದ್ದು ಹ್ಯಾಮ್‌ಸ್ಟರಿಗೆ ಆಗುತ್ತದೆ, ಬೆಲೆಯೂ ಕಡಿಮೆ. ಗಾಜು ಒಡೆದಿರಬಾರದು, ಅಂಚು ಚೂಪಾಗಿರಬಾರದು. ಮೇಲೆ ಗಾಜಿನ ಮುಚ್ಚಳ ಬೇಡ, ತಂತಿಜಾಲರಿಯ ಮುಚ್ಚಳ ಬೇಕು, ಗಾಳಿ ಆಡಲೇಬೇಕು. ಎರಡನೆಯದು ಬಡಗಿಯಿಂದ ಮಾಡಿಸುವ ಮರದ ಪೆಟ್ಟಿಗೆ: ಮುಂದೆ ಗಾಜು, ಮೇಲೆ ಜಾಲರಿ, ಒಳಗೆ ವಾರ್ನಿಷ್ ವಾಸನೆ ಇರಬಾರದು. ಮೂರನೆಯದು ಸರಳಿನ ಪಂಜರವೇ, ಆದರೆ ದೊಡ್ಡದು, ತಳದ ತಟ್ಟೆ ಆಳವಾಗಿರುವಂಥದ್ದು. ಸರಳಿನ ಮಧ್ಯದ ಸಂದು ದೊಡ್ಡ ಜಾತಿಗೆ ಒಂದು ಸೆಂಟಿಮೀಟರ್, ಕುಳ್ಳ ಜಾತಿಗೆ ಏಳು ಮಿಲಿಮೀಟರ್ ಮೀರದಿರಲಿ. ಮೂರು ಮಹಡಿಯ ಪಂಜರ ನೋಡಿ ಮರುಳಾಗಬೇಡಿ. ಹ್ಯಾಮ್‌ಸ್ಟರಿನ ಕಣ್ಣು ಮಂದ. ಮೇಲಿಂದ ಬಿದ್ದರೆ ಕಾಲು ಮುರಿಯುತ್ತದೆ. ಅದಕ್ಕೆ ಬೇಕಾದದ್ದು ಮಹಡಿಯಲ್ಲ, ಅಂಗಳ.

ನಾವು ತಂದದ್ದು ಹಳೆಯ ಮೀನಿನ ತೊಟ್ಟಿ. ಅದರ ಅರ್ಧ ಭಾಗಕ್ಕೆ ಒಂದು ಗೇಣಿಗಿಂತ ಹೆಚ್ಚು, 25 ಸೆಂಟಿಮೀಟರ್ ಆಳಕ್ಕೆ, ಶಾಯಿಯಿಲ್ಲದ ಕಾಗದದ ಚೂರು ಮತ್ತು ಒಣಹುಲ್ಲು ಬೆರೆಸಿ ತುಂಬಿದೆವು. ಹುಲ್ಲು ಸೇರಿದರೆ ಬಿಲ ಕುಸಿಯುವುದಿಲ್ಲ. ಗರಗಸದ ಸಣ್ಣ ಹೊಟ್ಟು ಬೇಡ, ಧೂಳು ಮೂಗಿಗೆ ಹೋಗುತ್ತದೆ. ಘಾಟು ವಾಸನೆಯ ಪೈನ್, ದೇವದಾರು ಹೊಟ್ಟೂ ಬೇಡ. ಮೆತ್ತಗಿರಲಿ ಎಂದು ಹತ್ತಿ ಹಾಕಬೇಡಿ. ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಹೊಟ್ಟೆ ಕಟ್ಟುತ್ತದೆ. ಉಳಿದರ್ಧದಲ್ಲಿ ಚಕ್ರ. ಓಡುವಾಗ ಬೆನ್ನು ಬಾಗಬಾರದು, ಆದ್ದರಿಂದ ದೊಡ್ಡ ಜಾತಿಗೆ 28 ಸೆಂಟಿಮೀಟರ್, ಕುಳ್ಳ ಜಾತಿಗೆ 20 ಸೆಂಟಿಮೀಟರ್ ವ್ಯಾಸದ್ದು ಬೇಕು. ಕಾಲು ಸಿಕ್ಕಿಕೊಳ್ಳುವ ಕಡ್ಡಿ-ಕಡ್ಡಿಯ ಚಕ್ರ ಬೇಡ.

ಉಳಿದದ್ದೆಲ್ಲ ಮನೆಯಲ್ಲೇ ಸಿಕ್ಕಿತು. ಅಂಚು ನಯಮಾಡಿ ತೂತು ದೊಡ್ಡದು ಮಾಡಿದ ತೆಂಗಿನ ಕರಟ, ಅಡ್ಡ ಮಲಗಿಸಿದ ಚಿಕ್ಕ ಮಣ್ಣಿನ ಮಡಕೆ, ಔಷಧಿ ಹೊಡೆಯದ ಸೀಬೆಮರದ ಒಣಕೊಂಬೆ. ಮಡಕೆ ಬೇಸಿಗೆಯಲ್ಲಿ ತಂಪು. ಕೊಂಬೆ ಹಲ್ಲಿಗೆ ಕೆಲಸ. ಒಂದು ಬಟ್ಟಲಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಮರಳು ಇಟ್ಟೆವು. ಬೂಂದಿ ಅದರಲ್ಲಿ ಹೊರಳಿ ಮೈ ಶುಚಿ ಮಾಡಿಕೊಳ್ಳುತ್ತದೆ. ಬಚ್ಚಿಟ್ಟ ಕಾಳಿಗೆ ಇರುವೆ ಬರುತ್ತಿತ್ತು. ನನ್ನ ಹೆಂಡತಿ ತೊಟ್ಟಿ ಇಟ್ಟ ಬೆಂಚಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಕೊಟ್ಟಳು. ಹಿಂದೆ ತಿಂಡಿಯ ಬೀರುವಿಗೆ ಹೀಗೇ ಇಡುತ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಡೈರಿ ಬರೆಯುವುದನ್ನು ನಾನು ನಿಲ್ಲಿಸಲಿಲ್ಲ. ಮೊದಲ ಎರಡು ರಾತ್ರಿ ಬೂಂದಿ ಗಾಜಿನ ಮೂಲೆ ಕೆರೆಯಿತು. ಯಾರೂ ಬೀಜ ಹಿಡಿದು ಓಡಬಾರದು ಎಂದು ಮನೆಯಲ್ಲಿ ನಿಯಮವಾಗಿತ್ತು. ಅದು ಸುಮ್ಮನಿದ್ದಾಗ ಮಾತ್ರ ಕೊಡುವುದು. ಮೂರನೆಯ ರಾತ್ರಿ ತೋಡಲು ಶುರುಮಾಡಿತು. ನಾಲ್ಕನೆಯ ಬೆಳಗ್ಗೆ ಪ್ರಾಣಿಯೇ ಕಾಣಿಸದೆ ಮೊಮ್ಮಗಳು ಗಾಬರಿಯಾದಳು. ನೋಡಿದರೆ ಗಾಜಿನ ಪಕ್ಕದಲ್ಲೇ, ಹಾಸಿನ ತಳದಲ್ಲಿ, ತಾನೇ ತೋಡಿದ ಕೋಣೆಯಲ್ಲಿ ಮುದುಡಿ ಮಲಗಿತ್ತು. ತಿಂಗಳೊಳಗೆ ಮೂಗಿನ ಮೇಲೆ ಕೂದಲು ಬಂತು. ಮೂಲೆ ಕೆರೆಯುವುದು ಈಗಲೂ ಅಪರೂಪಕ್ಕೆ ಉಂಟು, ಅದೂ ಹಾಸನ್ನು ಬದಲಿಸಿದ ದಿನ. ಅದಕ್ಕೇ ಪೂರ್ತಿ ಒಂದೇ ಸಲ ಬದಲಿಸದೆ, ಒದ್ದೆಯಾದ ಕಡೆ ಮಾತ್ರ ತೆಗೆದು ಉಳಿದದ್ದನ್ನು ಬಿಡುತ್ತೇವೆ. ಅದರ ಮನೆಯ ವಾಸನೆ ಅದಕ್ಕೆ ಉಳಿಯಬೇಕು. ನಿಮ್ಮ ಹ್ಯಾಮ್‌ಸ್ಟರ್ ಜೊಲ್ಲು ಸುರಿಸುತ್ತಿದ್ದರೆ, ತಿನ್ನುವುದು ಬಿಟ್ಟಿದ್ದರೆ, ಹಲ್ಲು ಮುರಿದಿದ್ದರೆ ಮಾತ್ರ ಪಂಜರದ ಲೆಕ್ಕ ಆಮೇಲಿರಲಿ. ಮೊದಲು ಪಶುವೈದ್ಯರಿಗೆ ತೋರಿಸಿ.

ಇನ್ನು ಕೊಳ್ಳಬೇಕೆಂದಿರುವವರಿಗೆ ಒಂದು ಮಾತು. ಬಿಸಿಲು ಹ್ಯಾಮ್‌ಸ್ಟರಿಗೆ ಆಗದು. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದರ ಪಾಡು ಯೋಚಿಸಿ. ಗಾಜಿನ ತೊಟ್ಟಿಯನ್ನು ಕಿಟಕಿಯ ಬಿಸಿಲಿಗೆ ಎಂದೂ ಇಡಬಾರದು. ಜೊತೆಗಿರಲಿ ಎಂದು ಎರಡು ತರಬೇಡಿ. ಹೊಂಬಣ್ಣದ ಜಾತಿ ಒಂಟಿಯಾಗಿಯೇ ಬದುಕುವುದು, ಎರಡಿದ್ದರೆ ಕಚ್ಚಾಡಿ ಸಾಯುತ್ತವೆ.

ಹ್ಯಾಮ್‌ಸ್ಟರ್ ಬದುಕುವುದು ಎರಡರಿಂದ ಮೂರು ವರ್ಷ. ನಮಗೆ ಅದು ಒಂದು ಫಿಕ್ಸೆಡ್ ಡೆಪಾಸಿಟ್ಟಿನ ಅವಧಿ, ಅದಕ್ಕೆ ಇಡೀ ಆಯಸ್ಸು. ಆ ಆಯಸ್ಸೆಲ್ಲ ನಾವು ಕೊಟ್ಟ ನೆಲದ ಮೇಲೇ ಕಳೆಯಬೇಕು.

ಆದ್ದರಿಂದ ಮಕ್ಕಳೇ, ಈ ವಾರದ ಮನೆಗೆಲಸ ಇದು. ಎಂಟು ಎ4 ಹಾಳೆ ತೆಗೆದುಕೊಳ್ಳಿ. ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ಮನೆಯೆಲ್ಲ ಸುತ್ತಿ, ಬಿಸಿಲು ಬೀಳದ, ಗಾಳಿಯಾಡುವ, ಬೆಕ್ಕು ಬಾರದ ಯಾವ ಜಾಗದಲ್ಲಿ ಅಷ್ಟೂ ಹಾಳೆ ಹಿಡಿಯುತ್ತವೆ ಎಂದು ಜೋಡಿಸಿ ನೋಡಿ. ಹಿಡಿದರೆ ಅಂಗಡಿಗೆ ಹೋಗುವ ಮಾತಾಡಿ. ಹಿಡಿಯದಿದ್ದರೆ ಬೇಸರ ಬೇಡ. "ನಮ್ಮ ಮನೆಯಲ್ಲಿ ಅದಕ್ಕೆ ಜಾಗವಿಲ್ಲ, ಈಗ ಬೇಡ" ಎನ್ನುವುದೂ ಸರಿಯಾದ ಉತ್ತರವೇ. ಅದಕ್ಕೂ ಪೂರ್ತಿ ಅಂಕ.