ಎಕರೆ ಹೆಚ್ಚಿದರೂ ಸರತಿ ಕರಗದು

ಶಾಲಾ ಪ್ರವಾಸದ ಋತು ಬಂದೊಡನೆ ಮನೋರಂಜನಾ ಉದ್ಯಾನಗಳ ಜಾಹೀರಾತುಗಳು ಮಕ್ಕಳನ್ನು ಸೆಳೆಯತೊಡಗುತ್ತವೆ. ‘ವಿಸ್ತರಣೆ’ ಎಂಬುದು ಅವುಗಳ ಮೆಚ್ಚಿನ ಪದ. ಆದರೆ ವಿಸ್ತಾರವೇ ಬೇರೆ, ಸಾಮರ್ಥ್ಯವೇ ಬೇರೆ.

ಸವಾರಿಯೊಂದರ ಸಾಮರ್ಥ್ಯವನ್ನು ಅಳೆಯುವುದು ಗಂಟೆಗೆ ಎಷ್ಟು ಮಂದಿ ಎಂಬ ಲೆಕ್ಕದಿಂದ. 24 ಆಸನಗಳ ಗಾಡಿ 2 ನಿಮಿಷಕ್ಕೊಮ್ಮೆ ಹೊರಟರೆ 720 ಮಂದಿ. 4 ಆಸನಗಳ ಪುಟ್ಟ ಗಾಡಿ 10 ಸೆಕೆಂಡಿಗೊಮ್ಮೆ ಹೊರಟರೆ 1,440. ಗಾಡಿಯ ಗಾತ್ರಕ್ಕಿಂತ ಎಡೆಬಿಡದ ಚಲನೆಯೇ ಸರತಿಯನ್ನು ಕರಗಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್ ಇದಕ್ಕೆ ನಿದರ್ಶನ. ಅಲ್ಲಿನ 1967ರ ಪೀಪಲ್‌ಮೂವರ್ ನಿಲ್ಲದೆ ಸಾಗುತ್ತಲೇ ಜನರನ್ನು ಹತ್ತಿಸಿಕೊಳ್ಳುತ್ತಿತ್ತು. 1995ರಲ್ಲಿ ಅದನ್ನು ಮುಚ್ಚಿ, ಅದೇ ಪಥದಲ್ಲಿ 1998ರಲ್ಲಿ ವೇಗದ ರಾಕೆಟ್ ರಾಡ್ಸ್ ಓಡಿಸಿದರು. ಅದು ಪದೇ ಪದೇ ಕೆಟ್ಟು ನಿಂತು, 2000ದಲ್ಲಿ ಮುಚ್ಚಿತು. 2019ರಲ್ಲಿ 14 ಎಕರೆಯ ಸ್ಟಾರ್ ವಾರ್ಸ್ ವಿಭಾಗ ತೆರೆದಾಗ ಅಲ್ಲಿದ್ದುದು ಒಂದೇ ಸವಾರಿ. ಎರಡನೆಯದು ಬಂದುದು 2020ರ ಜನವರಿಯಲ್ಲಿ. ಹೊಸತು ಸೆಳೆಯುವ ಜನರು ಅದು ಹೊರಬಲ್ಲವರಿಗಿಂತ ಹೆಚ್ಚಾದರೆ, ಹಳೆಯ ಸವಾರಿಗಳ ಮುಂದೆಯೂ ಸಾಲು ಬೆಳೆಯುತ್ತದೆ.

ಪ್ರವೇಶಪತ್ರವು ಸಾಮಾನ್ಯವಾಗಿ ಒಳಹೋಗುವ ಹಕ್ಕನ್ನು ಕೊಡುತ್ತದೆಯೇ ಹೊರತು ಇಂತಿಷ್ಟು ಸವಾರಿಗಳ ಭರವಸೆಯನ್ನಲ್ಲ. ಆದುದರಿಂದ ಹಣ ಕಟ್ಟುವ ಮುನ್ನ ಶಾಲೆಯವರೂ ಪೋಷಕರೂ ಎರಡು ಪ್ರಶ್ನೆ ಕೇಳಲಿ: ಅಂದು ಎಷ್ಟು ಸವಾರಿಗಳು ನಡೆಯುತ್ತವೆ? ಗಂಟೆಗೆ ಎಷ್ಟು ಮಕ್ಕಳನ್ನು ಹೊರುತ್ತವೆ? ಉತ್ತರವನ್ನು ಲಿಖಿತವಾಗಿ ಪಡೆಯಲಿ. ಕೂಲಿಯ ಹಣದಲ್ಲಿ ಉಳಿಸಿ ಮಗುವನ್ನು ಕಳುಹಿಸುವ ತಾಯಿಗೆ ಅಷ್ಟಾದರೂ ಸಲ್ಲಬೇಕು.