ಮೇಲೆ ಬಂದವರ ನೋವೂ ನೋವೇ

ಇಟಲಿಯಿಂದ ಅಮೆರಿಕಕ್ಕೆ ಹೋದವರು ದುಡಿದು ಮೇಲೆ ಬಂದರು, ಇನ್ನು ಹಳೆಯ ಗಾಯ ಕೆದಕುವುದೇಕೆ ಎಂದು ಕಳೆದ ಸಂಚಿಕೆಯ ಲೇಖಕರು ಕೇಳಿದ್ದಾರೆ. ಏಳಿಗೆಯೇ ರಕ್ಷೆಯಾಗಿದ್ದರೆ ಅದು ಇಟಲಿಯಿಂದಲೇ ಹೋದ ಡಿಮ್ಯಾಜಿಯೊ ಕುಟುಂಬವನ್ನು ಕಾಯಬೇಕಿತ್ತು. 1941ರಲ್ಲಿ ಬೇಸ್‌ಬಾಲ್‌ನ ಸತತ 56 ಪಂದ್ಯಗಳಲ್ಲಿ ಹಿಟ್ ಬಾರಿಸಿದ ಮಗ ಜೋ ದೇಶದ ಕಣ್ಮಣಿ. ಮರುವರ್ಷ, ಎರಡನೇ ಮಹಾಯುದ್ಧದಲ್ಲಿ ಇಟಲಿ ಅಮೆರಿಕದ ಎದುರಾಳಿಯಾಗಿದ್ದಾಗ, ಪೌರತ್ವದ ಕಾಗದವಿಲ್ಲದ ಅಪ್ಪ ಜುಸೆಪ್ಪೆ ಸರ್ಕಾರದ ಲೆಕ್ಕದಲ್ಲಿ ಶತ್ರುದೇಶದವನು. ಮೀನು ಹಿಡಿದೇ ಮಕ್ಕಳನ್ನು ಸಾಕಿದ ಆ ಮುದುಕ ಸ್ಯಾನ್ ಫ್ರಾನ್ಸಿಸ್ಕೊದ ಮೀನುಗಾರರ ದಕ್ಕೆಗೆ, ಅಲ್ಲೇ ಇದ್ದ ಮಗನ ಹೋಟೆಲಿಗೂ, ಕಾಲಿಡುವಂತಿರಲಿಲ್ಲ. ಯುದ್ಧಕಾಲದ ಎಚ್ಚರಿಕೆ ಅದು ಎನ್ನಬಹುದು. ಆದರೆ ಆತನ ಮೇಲೆ ಯಾವ ಆರೋಪವೂ ಇರಲಿಲ್ಲ. ಆಗ ಅಮೆರಿಕದಲ್ಲಿದ್ದ ಜಪಾನಿ ಮೂಲದವರು ಪಟ್ಟ ಪಾಡು ಇದಕ್ಕಿಂತ ಘೋರ, ನಿಜ. ಅಷ್ಟಕ್ಕೇ ಇದು ನ್ಯಾಯವಾಗದು. ಆರು ಲಕ್ಷಕ್ಕೂ ಹೆಚ್ಚು ಇಟಲಿ ಸಂಜಾತರ ಮೇಲೆ ಹೇರಿದ ಈ ನಿರ್ಬಂಧಗಳನ್ನು ಅಮೆರಿಕದ ಕಾಯ್ದೆಯೊಂದು ಒಪ್ಪಿಕೊಂಡದ್ದು 2000ದಲ್ಲಿ. ಜುಸೆಪ್ಪೆ ಆಗಲೇ ತೀರಿಕೊಂಡಿದ್ದರು.