ಆಕಾಶದ ಫಲ ನೆಲಕ್ಕಿಳಿಯಲಿ

ಬಡತನ ಇನ್ನೂ ಬಿಡದ ದೇಶಕ್ಕೆ ಬಾಹ್ಯಾಕಾಶದ ಖರ್ಚು ಬೇಕೇ? ರಾಕೆಟ್ ಹಾರಿದಾಗಲೆಲ್ಲ ಏಳುವ ಈ ಪ್ರಶ್ನೆ ನ್ಯಾಯವಾದದ್ದೇ. ತೆರಿಗೆ ಕಟ್ಟುವವರು ಲೆಕ್ಕ ಕೇಳಲೇಬೇಕು. ಆ ಲೆಕ್ಕ ಸ್ಪಷ್ಟವಾಗಿ ಸಿಗುವುದು ನಮ್ಮ ಕಡಲತೀರಗಳಲ್ಲಿ.

1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಚಂಡಮಾರುತ ಸುಮಾರು 10 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಫೈಲಿನ್ ಚಂಡಮಾರುತ ಅದೇ ರಾಜ್ಯದ ಗೋಪಾಲಪುರದ ಬಳಿ ದಡ ಮುಟ್ಟಿದಾಗ ಸತ್ತವರ ಸಂಖ್ಯೆ ನೂರನ್ನೂ ದಾಟಲಿಲ್ಲ. ಉಪಗ್ರಹಗಳ ಕಣ್ಗಾವಲಿನಿಂದ ಮುನ್ಸೂಚನೆ ಹೆಚ್ಚು ಖಚಿತವಾಗಿತ್ತು. ಆಡಳಿತ ಅದನ್ನು ನಂಬಿ ಸುಮಾರು 10 ಲಕ್ಷ ಜನರನ್ನು ಮೊದಲೇ ಸುರಕ್ಷಿತ ತಾಣಗಳಿಗೆ ಸಾಗಿಸಿತ್ತು.

ಹವಾಮಾನದ ಉಪಗ್ರಹ ಸರಿ, ಚಂದ್ರನ ಗೊಡವೆ ಏಕೆ ಎನ್ನಬಹುದು. ಉತ್ತರ ನಮ್ಮ ಮೊದಲ ಉಪಗ್ರಹದ ಕಥೆಯಲ್ಲಿದೆ. ವಿಜ್ಞಾನಿ ಯು.ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರಲ್ಲಿ ಹಾರಿತು. ಅದರಲ್ಲಿದ್ದದ್ದು ಎಕ್ಸ್-ಕಿರಣಗಳಂಥ ಶುದ್ಧ ವಿಜ್ಞಾನದ ಪ್ರಯೋಗಗಳು. ವಿದ್ಯುತ್ ಕೈಕೊಟ್ಟು ಅವೂ ಕೆಲವೇ ದಿನಗಳಲ್ಲಿ ನಿಂತವು. ರೈತನಿಗೆ ಅದರಿಂದ ನೇರವಾಗಿ ಏನೂ ದಕ್ಕಲಿಲ್ಲ. ಆದರೆ ಅಲ್ಲಿ ಪಳಗಿದ ಕೈಗಳೇ ಮುಂದೆ ಭೂಮಿಯನ್ನು ಗಮನಿಸುವ ಭಾಸ್ಕರ ಉಪಗ್ರಹವನ್ನು ಕಟ್ಟಿದವು. ಕಷ್ಟದ ಗುರಿಯಿಲ್ಲದೆ ಕೌಶಲ ಬೆಳೆಯದು.

ಹಾಗೆಂದು ಸವಾಲುಗಳನ್ನು ಮರೆಯುವಂತಿಲ್ಲ. 2017ರ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ಅನೇಕ ಮೀನುಗಾರರು ಮೊಬೈಲ್ ಸಿಗ್ನಲ್ ಸಿಗದಷ್ಟು ದೂರದ ಕಡಲಲ್ಲಿದ್ದರು. ಮೇಲೆ ಉಪಗ್ರಹವಿತ್ತು, ದಡದಲ್ಲಿ ಎಚ್ಚರಿಕೆಯೂ ಹೊರಟಿತ್ತು. ದೋಣಿಗೆ ಮಾತ್ರ ಅದು ಮುಟ್ಟಲಿಲ್ಲ. ನೂರಾರು ಜನ ಮನೆಗೆ ಮರಳಲಿಲ್ಲ.

ಇನ್ನೊಂದು ಸವಾಲು ಕಕ್ಷೆಯಲ್ಲೇ ಇದೆ. 2009ರಲ್ಲಿ ಅಮೆರಿಕದ ಇರಿಡಿಯಂ ಉಪಗ್ರಹಕ್ಕೆ ಕೆಟ್ಟು ನಿಂತಿದ್ದ ರಷ್ಯಾದ ಕಾಸ್ಮೋಸ್ ಡಿಕ್ಕಿ ಹೊಡೆದು ಸಾವಿರಾರು ಚೂರುಗಳು ಹರಡಿದವು. ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ಧಾವಿಸುವ ಸಣ್ಣ ಚೂರೂ ಇಡೀ ಉಪಗ್ರಹವನ್ನು ಹಾಳುಗೆಡವಬಲ್ಲದು. 2019ರಲ್ಲಿ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದುರುಳಿಸಿದ ಭಾರತವೂ ಈ ಕಸದ ಹೊಣೆಯಿಂದ ಹೊರತಲ್ಲ.

ಆದ್ದರಿಂದ ಬಾಹ್ಯಾಕಾಶ ಬೇಕೇ ಬೇಡವೇ ಎಂಬ ವಾದವನ್ನು ಇಲ್ಲಿಗೆ ಬಿಡೋಣ. ಪ್ರತಿ ಯೋಜನೆಗೂ ಹಣ ಮಂಜೂರು ಮಾಡುವಾಗಲೇ ಎರಡು ಬಾಬ್ತು ಸೇರಲಿ: ಮಾಹಿತಿಯನ್ನು ಕೊನೆಯ ದೋಣಿಗೂ ಮುಟ್ಟಿಸುವ ಖರ್ಚು, ಆಯುಸ್ಸು ಮುಗಿದ ಉಪಗ್ರಹವನ್ನು ಕಕ್ಷೆಯಿಂದ ತೆರವುಗೊಳಿಸುವ ಖರ್ಚು. ಉಡಾವಣೆಯ ದಿನ ಚಪ್ಪಾಳೆ ತಟ್ಟುವ ನಾವು ಈ ಎರಡರ ಲೆಕ್ಕವನ್ನೂ ಅಷ್ಟೇ ಉತ್ಸಾಹದಿಂದ ಕೇಳಬೇಕು.